ಗೋಡೆ ಏಳುವಾಗಲೇ ಬಾಗಿಲ ಚೌಕಟ್ಟು ಕೂರಿಸಬೇಕಾ, ಪ್ಲಾಸ್ಟರ್ ಆದಮೇಲಾ?

ಹೊಸಮನೆ_ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದ ಹತ್ತಿರ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಪಾಯದ ಮೇಲಿನ ಪ್ಲಿಂತ್ ಬೀಮ್ ಮುಗಿದಿದೆ, ಇನ್ನೇನು ಗೋಡೆ ಶುರು. ಹೊರಗೋಡೆ 6 ಇಂಚಿನ ಕಾಂಕ್ರೀಟ್ ಬ್ಲಾಕ್, ಒಳಗೋಡೆ 4 ಇಂಚು. ಬಾಗಿಲು ಕಿಟಕಿ ಯಾವುದೂ ರೆಡಿಮೇಡ್ ಅಲ್ಲ. ಅಪ್ಪ ತೋಟದ ಹಲಸು ಕೊಯ್ಯಿಸಿ ಹಲಗೆ, ತೊಲೆ ಮಾಡಿಸಿ ಇಟ್ಟಿದ್ದಾರೆ. ಮುಂಬಾಗಿಲಿಗೆ ಮಾತ್ರ ತೇಗ ತರುವ ಯೋಚನೆ.

ಜಗಳ ಇರುವುದು ಇಲ್ಲಿ. ಮೇಸ್ತ್ರಿ "ಎಲ್ಲ ಚೌಕಟ್ಟೂ ಈಗಲೇ ಕೊಡಿ, ಗೋಡೆ ಜೊತೆಗೇ ಕಟ್ಟಿಬಿಡ್ತೀನಿ" ಅನ್ನುತ್ತಾರೆ. ಬಡಗಿ "ಈಗ ಕೊಟ್ಟರೆ ಮರ ಹಾಳು, ಪ್ಲಾಸ್ಟರ್ ಆಗಲಿ, ಆಮೇಲೆ ಬರ್ತೀನಿ" ಅನ್ನುತ್ತಾರೆ. ಇದರ ನಡುವೆ ಪುರೋಹಿತರು ಬಾಗಿಲು ಪೂಜೆಗೆ ಮುಹೂರ್ತ ಕೊಟ್ಟಾಗಿದೆ. ಆ ದಿನಕ್ಕೆ ಗೋಡೆ ಮೊಣಕಾಲೆತ್ತರ ಬಂದಿದ್ದರೆ ಹೆಚ್ಚು. ಯಾರ ಮಾತು ಕೇಳಲಿ?

ಸೈಟ್_ಇಂಜಿನಿಯರ್

ಇಬ್ಬರ ಮಾತೂ ಆಮೇಲೆ. ಮೊದಲು ನಿಮ್ಮ ಮನೆಯ ನೆಲ ಎಲ್ಲಿಗೆ ಬರುತ್ತದೆ ಅಂತ ಯಾರಾದರೂ ಗುರುತು ಮಾಡಿದ್ದಾರಾ? ನಾನು ಹೇಳುತ್ತಿರುವುದು ಈಗ ಕಾಣುವ ಕಾಂಕ್ರೀಟ್ ಅಲ್ಲ, ಟೈಲ್ಸ್ ಹಾಕಿ ಮುಗಿದ ನೆಲ.

ಚೌಕಟ್ಟು ಬೇಗ ಕೂರಿಸಿದ ಮನೆಗಳಲ್ಲಿ ನಾನು ಜಾಸ್ತಿ ನೋಡುವ ಎಡವಟ್ಟು ಇದೇ. ಟೈಲ್ಸ್ 10 ಮಿ.ಮೀ, ಕೆಳಗಿನ ಗಾರೆ 40 ಮಿ.ಮೀ, ಅಲ್ಲಿಗೆ 2 ಇಂಚು. ಗ್ರಾನೈಟ್ ಆದರೆ ಇನ್ನೂ ಸ್ವಲ್ಪ ಮೇಲೆ. 7 ಅಡಿ ಚೌಕಟ್ಟನ್ನು ಮೇಸ್ತ್ರಿ ಬರಿ ಕಾಂಕ್ರೀಟ್ ಮೇಲೆ ನಿಲ್ಲಿಸಿದರೆ ನೆಲ 2 ಇಂಚು ತಿನ್ನುತ್ತದೆ, ಮೇಲಿನ ಅಡ್ಡಪಟ್ಟಿ 3 ಇಂಚು ತಿನ್ನುತ್ತದೆ. ತಲೆ ದಾಟಲು ಉಳಿಯುವುದು 6 ಅಡಿ 7 ಇಂಚು. ಬಾಗಿಲ ಮೇಲಿನ ಕಾಂಕ್ರೀಟ್ ಅಡ್ಡತೊಲೆ, ಅಂದರೆ ಲಿಂಟಲ್, ಹಾಕಿದ ಮೇಲೆ ಇದನ್ನು ಸರಿ ಮಾಡಲು ಬರಲ್ಲ. ಆಮೇಲೆ ಬಾಗಿಲ ಕೆಳಗೆ ಕತ್ತರಿಸುವುದು, ಅದೂ ಸಾಲದೆ ಕೋಣೆಯ ನೆಲ ತೆಳು ಮಾಡುವುದು, ಹೀಗೆ ತೇಪೆ ಕೆಲಸ ಶುರುವಾಗುತ್ತದೆ.

ಆದ್ದರಿಂದ ಗೋಡೆ ಶುರುವಾಗುವ ಮೊದಲೇ ನೀರು ತುಂಬಿದ ಪೈಪಿನ ಟ್ಯೂಬ್ ಲೆವೆಲ್ ಹಿಡಿದು ಎಲ್ಲ ಕಾಲಂ ಮೇಲೂ ಮುಗಿದ ನೆಲದಿಂದ ಸರಿಯಾಗಿ 3 ಅಡಿಗೆ ಒಂದು ಗೆರೆ ಎಳೆಸಿ. ಕೆಂಪು ಬಣ್ಣದಲ್ಲಿ, ಅಳಿಸದ ಹಾಗೆ. ಬಾಗಿಲು, ಕಿಟಕಿ, ಲಿಂಟಲ್, ಎಲ್ಲಕ್ಕೂ ಅಳತೆ ಆ ಗೆರೆಯಿಂದಲೇ.

ಸಾಗರದ_ಬಡಗಿ

ನಾನು ಮರಗೆಲಸದವನೇ. ನಿಮ್ಮ ಬಡಗಿ ಹೇಳಿದ್ದು ಅರ್ಧ ಸರಿ.

ಗೋಡೆ ಜೊತೆ ಕಟ್ಟಿದ ಚೌಕಟ್ಟಿನ ಗಟ್ಟಿತನ ಆಮೇಲೆ ಸ್ಕ್ರೂ ಹೊಡೆದು ನಿಲ್ಲಿಸಿದ್ದಕ್ಕೆ ಬರಲ್ಲ. ಹೋಲ್ಡ್‌ಫಾಸ್ಟ್ ಅಂತ ಕಬ್ಬಿಣದ ಪಟ್ಟಿ ಇರುತ್ತದಲ್ಲ, ಅದು ಒಂದೊಂದು ಪಕ್ಕಕ್ಕೆ ಮೂರು. ತಲೆ ಹತ್ತಿರ ಒಂದು, ನಡುವೆ ಒಂದು, ಬುಡದ ಹತ್ತಿರ ಒಂದು. ಮುಂಬಾಗಿಲ ಹಲಗೆ ಭಾರ ಇರುತ್ತದೆ, ದಿನಕ್ಕೆ ಎಷ್ಟು ಸಲ ತೆಗೆದು ಹಾಕುತ್ತಾರೆ ಲೆಕ್ಕವಿಲ್ಲ. ಆ ಎಳೆತವನ್ನೆಲ್ಲ ತಡೆಯುವುದು ಈ ಪಟ್ಟಿಗಳೇ.

ಆದರೆ ಮೇಸ್ತ್ರಿ ಕೈಗೆ ಕೊಟ್ಟರೆ ಚೌಕಟ್ಟನ್ನು ಏಣಿ ತರಹ ಬಳಸುತ್ತಾರೆ. ಅದರ ಮೇಲೆ ಹಲಗೆ ಇಟ್ಟು ನಿಲ್ಲುತ್ತಾರೆ, ಗಾರೆ ಬಾಣಲೆ ಇಡುತ್ತಾರೆ, ಕ್ಯೂರಿಂಗ್ ಅಂತ ವಾರಗಟ್ಟಲೆ ನೀರು ಹೊಡೆಯುತ್ತಾರೆ. ಒಣಗಿದ ಮರ ಆ ನೀರು ಕುಡಿದು ಉಬ್ಬುತ್ತದೆ. ಮತ್ತೆ ಒಣಗಿದಾಗ ಗೋಡೆಗೂ ಮರಕ್ಕೂ ನಡುವೆ ಕೂದಲೆಳೆ ಬಿರುಕು. ಬಡಗಿ ಹೆದರುವುದು ಇದಕ್ಕೇ.

ಅಂದಹಾಗೆ ಹಲಸು ಕೊಯ್ದು ಎಷ್ಟು ಕಾಲ ಆಯ್ತು? ಇದನ್ನು ಹೇಳದೆ ಉಳಿದದ್ದೆಲ್ಲ ಮಾತಾಡಿ ಪ್ರಯೋಜನ ಇಲ್ಲ.

ಹೊಸಮನೆ_ಹಾಸನ

ಕಳೆದ ಬೇಸಿಗೆಯಲ್ಲಿ ಕೊಯ್ದದ್ದು. ದನದ ಕೊಟ್ಟಿಗೆ ಪಕ್ಕ ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ, ಮೇಲೆ ತಗಡು ಇದೆ.

ಸಾಗರದ_ಬಡಗಿ

ನಡುವೆ ರೀಪು ಇಟ್ಟು ಪೇರಿಸಿದ್ದಾರಾ, ಇಲ್ಲ ಸುಮ್ನೆ ಒಂದರ ಮೇಲೊಂದಾ? ಸುಮ್ನೆ ಪೇರಿಸಿದ್ದರೆ ಇವತ್ತೇ ಬಿಚ್ಚಿ. ಪ್ರತಿ ಸಾಲಿನ ನಡುವೆ ಒಂದಿಂಚಿನ ಪಟ್ಟಿ ಕೊಟ್ಟು ಗಾಳಿ ಆಡುವ ಹಾಗೆ ಮತ್ತೆ ಜೋಡಿಸಿ. ನೆಲದಿಂದ ಒಂದಡಿ ಮೇಲೆ ಇರಲಿ. ಎರಡೂ ತುದಿಗೆ ಯಾವುದಾದರೂ ಹಳೆ ಬಣ್ಣ ಬಳಿಯಿರಿ, ತುದಿಯಿಂದಲೇ ಬೇಗ ಒಣಗಿ ಸೀಳು ಬರುವುದು.

ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅನ್ನುವುದು ನಮ್ಮವರ ಹಳೆಯ ಲೆಕ್ಕ. 3 ಇಂಚಿನ ತೊಲೆ ಒಂದು ವರ್ಷಕ್ಕೆ ಒಳಗೆಲ್ಲ ಒಣಗಿರಲ್ಲ. ಹಲಗೆ ತೆಳು ಇರುವುದರಿಂದ ಅದು ಬೇಗ ತಯಾರಾಗುತ್ತದೆ. ಹತ್ತಿರದಲ್ಲಿ ಮರ ಒಣಗಿಸುವ ಸೀಸನಿಂಗ್ ಗೂಡು ಇರುವ ಮಿಲ್ ಇದ್ದರೆ ತೊಲೆಗಳನ್ನು ಅಲ್ಲಿ ಹಾಕಿಸಿ. ತೇವ ನೋಡುವ ಪುಟ್ಟ ಮೀಟರ್ ಸಿಗುತ್ತದೆ. ಅದರ ಮುಳ್ಳು ಚುಚ್ಚಿ ನೋಡಿದಾಗ ಶೇಕಡಾ 12ರ ಆಸುಪಾಸು ತೋರಿಸಿದರೆ ಧೈರ್ಯವಾಗಿ ಕೆಲಸಕ್ಕೆ ಹಿಡಿಯಬಹುದು. 20ರ ಮೇಲೆ ಇದ್ದರೆ ಗೋಡೆಗೆ ಮುಟ್ಟಿಸಬೇಡಿ.

ಹಲಸಿನ ಅಂಚಿನ ಬಿಳಿ ಭಾಗ ಕೂಡ ಬೇಡ, ಹುಳು ಹಿಡಿಯುವುದು ಅಲ್ಲೇ. ಹಳದಿ ತಿರುಳು ಮಾತ್ರ ಬಳಸಿ. ಅದು ಬೆಳಕಿಗೆ ಕಂದು ಬಣ್ಣಕ್ಕೆ ತಿರುಗಿ ಚೆಂದ ಕಾಣುತ್ತದೆ.

ಧಾರವಾಡ_ಮಂದಿ

ಏನ್ರೀ, ಇಷ್ಟೆಲ್ಲ ತಲೆ ಕೆಡಿಸಿಕೊಳ್ತೀರಿ! ನಮ್ಮ ಕಡೆ ಗೌಂಡಿ, ಅಂದರೆ ಮೇಸ್ತ್ರಿ, ಬಂದ ದಿನವೇ ಬಡಿಗೇರ ಚೌಕಟ್ಟು ತಂದು ನಿಲ್ಲಿಸಿರುತ್ತಾನೆ. ಅದರ ಗುಂಟ ಗೋಡೆ ಏಳುತ್ತದೆ. ನಮ್ಮ ಅಜ್ಜನ ಮನೆ ಚೌಕಟ್ಟು ಇಂದಿಗೂ ಒಂದು ಕೂದಲು ಅಲುಗಿಲ್ಲ. ಈ ಫೋಮ್ ಹೊಡೆದು ನಿಲ್ಲಿಸುವ ಬಾಗಿಲು ಒದ್ದರೆ ಬೀಳುತ್ತದೆ.

ಸೈಟ್_ಇಂಜಿನಿಯರ್

ಧಾರವಾಡದವರೇ, ನಿಮ್ಮ ಅಜ್ಜನ ಮನೆ ಗೋಡೆ ಒಂದೂವರೆ, ಎರಡು ಅಡಿ ದಪ್ಪ ಇರುತ್ತದೆ. ಚೌಕಟ್ಟಿನ ಮೇಲಿನ ಕೊಂಬು, ಅಂದರೆ ಅಡ್ಡಪಟ್ಟಿಯ ಹೊರಚಾಚಿದ ತುದಿ, ಎರಡೂ ಕಡೆ ಗೋಡೆಯೊಳಗೆ ಹೋಗಿ ಕೂತಿರುತ್ತದೆ. ಇವರದು 4 ಇಂಚಿನ ಗೋಡೆ. ಅದರಲ್ಲಿ ಕೊಂಬು ಬಿಟ್ಟರೆ ಪ್ಲಾಸ್ಟರಿನಲ್ಲಿ ಬಿರುಕು ಬರಲು ನೀವೇ ದಾರಿ ಮಾಡಿಕೊಟ್ಟ ಹಾಗೆ.

ಫೋಮ್ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಅದು ಸಂದು ತುಂಬಲು ಅಷ್ಟೇ, ಭಾರ ಹೊರಲು ಅಲ್ಲ. ಅದನ್ನೇ ನಂಬಿ ಸ್ಕ್ರೂ ಹೊಡೆಯದೆ ಬಿಟ್ಟವರಿದ್ದಾರೆ.

ಬ್ಲಾಕ್ ಗೋಡೆಯಲ್ಲಿ ಇನ್ನೊಂದು ತೊಂದರೆ. ಹಾಲೋ ಬ್ಲಾಕ್ ಆಗಲಿ, ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಎಎಸಿ ಬ್ಲಾಕ್ ಆಗಲಿ, ಹೋಲ್ಡ್‌ಫಾಸ್ಟ್ ಬಾಲವನ್ನು ಬರಿ ಗಾರೆಯಲ್ಲಿ ಹುಗಿದರೆ ನಿಲ್ಲಲ್ಲ. ಸರ್ಕಾರಿ ಕೆಲಸದಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆಯ ಲೆಕ್ಕ ಹೀಗಿದೆ: ಪಟ್ಟಿ 40×5 ಮಿ.ಮೀ, ಉದ್ದ 40 ಸೆಂ.ಮೀ, ಅದನ್ನು ಹುಗಿಯುವುದು 30×10×15 ಸೆಂ.ಮೀ ಕಾಂಕ್ರೀಟ್ ಗಟ್ಟಿಯಲ್ಲಿ, ಮಿಶ್ರಣ 1:3:6 (ಸಿಮೆಂಟ್, ಮರಳು, ಜಲ್ಲಿ). ಅಷ್ಟನ್ನೇ ನಿಮ್ಮ ಮೇಸ್ತ್ರಿಗೆ ತೋರಿಸಿ. ಪ್ರತಿ ಪಟ್ಟಿ ಬರುವ ಜಾಗದಲ್ಲಿ ಬ್ಲಾಕ್ ಬದಲು ಈ ಕಾಂಕ್ರೀಟ್ ಬರಬೇಕು.

ಟೆಕ್ಸಾಸ್_ಕನ್ನಡಿಗ

ನಾನು ತುಮಕೂರಿನವನು, ಈಗ ಆಸ್ಟಿನ್‌ನಲ್ಲಿದ್ದೇನೆ. ಇಲ್ಲಿ ಬಾಗಿಲು, ಚೌಕಟ್ಟು, ಹಿಂಜಸ್ ಎಲ್ಲ ಸೇರಿಸಿಯೇ ಒಂದು ಸೆಟ್ ಬರುತ್ತದೆ. ಗೋಡೆಯಲ್ಲಿ ಬಾಗಿಲ ಅಗಲಕ್ಕಿಂತ 2 ಇಂಚು ಜಾಸ್ತಿ ಜಾಗ ಬಿಟ್ಟಿರುತ್ತಾರೆ. ಸೆಟ್ ಒಳಗೆ ಇಟ್ಟು, ಸಂದಿನಲ್ಲಿ ಮರದ ಚಕ್ಕೆ ತುರುಕಿ ಮಟ್ಟ ಮಾಡಿ, ಮೊಳೆ ಹೊಡೆದು, ಸುತ್ತ ಪಟ್ಟಿ ಮುಚ್ಚುತ್ತಾರೆ. ಗಂಟೆ ಎರಡು ಗಂಟೆ ಕೆಲಸ. ಊರಲ್ಲಿ ಯಾಕೆ ಹೀಗೆ ಮಾಡಬಾರದು?

ಸಾಗರದ_ಬಡಗಿ

ಅಲ್ಲಿ ಗೋಡೆಯೇ ಮರದ್ದು ಸಾರ್. ಎಲ್ಲಿ ಮೊಳೆ ಹೊಡೆದರೂ ಕಚ್ಚಿಕೊಳ್ಳುತ್ತದೆ. ಇಲ್ಲಿ ಬ್ಲಾಕ್ ಅಂಚಿಗೆ ಡ್ರಿಲ್ ಇಟ್ಟರೆ ಮೂಲೆಯೇ ಕಿತ್ತು ಬರುತ್ತದೆ.

ಆದರೆ ಜಾಗ ಬಿಟ್ಟು ಆಮೇಲೆ ಕೂರಿಸುವ ಯೋಚನೆ ಒಳಬಾಗಿಲುಗಳಿಗೆ ಒಳ್ಳೆಯದೇ. ಗೋಡೆ ಕಟ್ಟುವಾಗ ಪ್ರತಿ ಪಕ್ಕಕ್ಕೂ ಮೂರು ಕಡೆ ಗಟ್ಟಿ ಕಾಂಕ್ರೀಟ್ ತುಂಡು ಕಟ್ಟಿಸಬೇಕು. ಅವುಗಳ ಎತ್ತರ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು, ಪ್ಲಾಸ್ಟರ್ ಆದಮೇಲೆ ಕಾಣಲ್ಲ. ಚೌಕಟ್ಟಿಗಿಂತ ಎರಡೂ ಪಕ್ಕ 10 ಮಿ.ಮೀ, ಮೇಲೂ ಅಷ್ಟೇ ಜಾಗ ಬಿಡಬೇಕು. ಆಮೇಲೆ ಚೌಕಟ್ಟು ದಾಟಿ ಒಳಗೆ ಹೋಗುವ ಉದ್ದ ಫಾಸ್ಟನರ್ ಆ ಕಾಂಕ್ರೀಟ್ ತುಂಡಿಗೇ ಬೀಳಬೇಕು.

ಕರಾವಳಿ_ಮುರಕಲ್ಲು

ನಾವು ಪುತ್ತೂರು ಕಡೆಯವರು. ನಮ್ಮಲ್ಲಿ ದಾರಂದ, ಅಂದರೆ ಬಾಗಿಲ ಚೌಕಟ್ಟು, ನಿಲ್ಲಿಸದೆ ಕಲ್ಲು ಏರಿಸುವುದೇ ಇಲ್ಲ ಮಾರಾಯ್ರೆ. ಮುರಕಲ್ಲಿನ ಗೋಡೆಗೆ ಅದೇ ಸರಿ, ಕಲ್ಲನ್ನು ಕೊಡಲಿಯಲ್ಲಿ ಕೆತ್ತಿ ಪಟ್ಟಿಯ ಸುತ್ತ ಕೂರಿಸುತ್ತಾರೆ. ಮರ ಹೆಚ್ಚಾಗಿ ಹಲಸು, ಹೆಬ್ಬಲಸು, ಇಲ್ಲದಿದ್ದರೆ ಕಿರಾಲ್‌ಬೋಗಿ.

ಆದರೆ ಮಳೆಗಾಲದ ಒಂದು ಮಾತು. ಹಲಗೆ ಅಳತೆಯನ್ನು ಬೇಸಿಗೆಯಲ್ಲಿ ಬಿಗಿಯಾಗಿ ತೆಗೆದರೆ ಜೋರು ಮಳೆಯ ಆಟಿ ತಿಂಗಳಲ್ಲಿ ಬಾಗಿಲು ಹಾಕಲಿಕ್ಕೇ ಬರುವುದಿಲ್ಲ. ಆಚಾರಿ ಬಂದು ಅಂಚು ಕೆತ್ತುತ್ತಾನೆ. ಮತ್ತೆ ಮಾರ್ಚಿಗೆ ನೋಡಿದರೆ ಸಂದಿನಲ್ಲಿ ಹಲ್ಲಿ ಓಡಾಡುತ್ತದೆ. ಅದಕ್ಕೆ ಚೌಕಟ್ಟು ಬೇಗ ಕೂರಿಸಿ, ಹಲಗೆ ಒಂದು ಮಳೆಗಾಲ ನೋಡಿ ಆಮೇಲೆ ಮಾಡಿಸಿ. ಅಷ್ಟು ಕಾಯಲು ಆಗದಿದ್ದರೆ ಸುತ್ತ 3 ಮಿ.ಮೀ ಆದರೂ ಬಿಡಿಸಿ, ಅಂಚಿಗೂ ಮೇಲೆ ಕೆಳಗೂ ಬಣ್ಣ ಕೊಡಿಸಿ. ಕೆಳಗಿನ ಅಂಚಿಗೆ ಯಾರೂ ಬಣ್ಣ ಕೊಡುವುದಿಲ್ಲ, ನೀರು ಹತ್ತುವುದು ಅಲ್ಲಿಂದಲೇ.

ಮೈಸೂರು_ಎರಡನೇಮಹಡಿ

ಯಾರೂ ಇದನ್ನು ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ಚೌಕಟ್ಟಿಗೆ ಉಳಿ ಹಾಕುವ ಮೊದಲು ಎರಡು ವಿಷಯ ತೀರ್ಮಾನ ಮಾಡಿ.

ಬಾಗಿಲು ಯಾವ ಕಡೆಗೆ ತೆರೆದುಕೊಳ್ಳುತ್ತದೆ? ನಮ್ಮ ಮನೆಯಲ್ಲಿ ಎಲೆಕ್ಟ್ರಿಷಿಯನ್ ಒಂದು ಕಡೆ ಸ್ವಿಚ್ಚಿನ ಪೈಪ್ ಇಳಿಸಿದರು, ಬಡಗಿ ಅದೇ ಕಡೆ ಹಿಂಜಸ್ ಹಾಕಿದರು. ಈಗಲೂ ಮಲಗುವ ಕೋಣೆಗೆ ಹೋದರೆ ಬಾಗಿಲು ಮುಚ್ಚಿ, ಅದರ ಹಿಂದೆ ಕೈ ಹಾಕಿ ಲೈಟ್ ಹಾಕಬೇಕು. ಪ್ಲಾನ್ ಮೇಲೆ ಪ್ರತಿ ಬಾಗಿಲಿಗೂ ಬಾಣ ಬರೆದು ಮೇಸ್ತ್ರಿ, ಬಡಗಿ, ಎಲೆಕ್ಟ್ರಿಷಿಯನ್ ಮೂವರಿಗೂ ಒಂದೊಂದು ಪ್ರತಿ ಕೊಡಿ.

ಸೊಳ್ಳೆ ಪರದೆ ಬಾಗಿಲು ಬೇಕಾ? ಬೇಕು ಅಂದರೆ ಮುಂಬಾಗಿಲು ಮತ್ತು ಹಿತ್ತಲ ಬಾಗಿಲ ಚೌಕಟ್ಟಿಗೆ ಎರಡೂ ಕಡೆ ಹಲಗೆ ಕೂರುವ ಕಚ್ಚು ತೆಗೆಯಬೇಕು, ಇದಕ್ಕೆ ಡಬಲ್ ರಿಬೇಟ್ ಅನ್ನುತ್ತಾರೆ. ಆಮೇಲೆ ನೆನಪಾದರೆ ಚೌಕಟ್ಟಿನ ಮೇಲೆ ಇನ್ನೊಂದು ಚೌಕಟ್ಟು ಹೊಡೆಯಬೇಕಾಗುತ್ತದೆ, ನೋಡಲು ಗುಡಾಣದ ಮುಚ್ಚಳದ ಹಾಗೆ ಕಾಣುತ್ತದೆ. ಕಿಟಕಿಗೂ ಅಷ್ಟೇ. ಮರದ ಚೌಕಟ್ಟಿನಲ್ಲಿ ಸರಳು ತೂರಿಸುವುದಾದರೆ ಗೋಡೆಗೆ ಇಡುವ ಮೊದಲೇ ತೂರಿಸಬೇಕು.

ಹೊಸಮನೆ_ಹಾಸನ

ಮೈಸೂರಿನ ಮೇಡಂ, ತುಂಬ ಉಪಕಾರ ಆಯ್ತು. ಪರದೆ ಬಾಗಿಲು ನಮ್ಮ ತಲೆಗೇ ಬಂದಿರಲಿಲ್ಲ. ಇಲ್ಲಿ ಸಂಜೆ ಆರರ ಮೇಲೆ ಬಾಗಿಲು ತೆಗೆಯುವ ಹಾಗಿಲ್ಲ.

ಬಡಗಿ ಎಲ್ಲ ಚೌಕಟ್ಟಿಗೂ 5×3 ಇಂಚಿನ ಮರ ಅಂತ ಹೇಳಿದ್ದಾರೆ. ಅದು ಸರೀನಾ? ಮತ್ತೆ ಮುಹೂರ್ತದ ವಿಷಯ ಏನು ಮಾಡಲಿ?

ಸೈಟ್_ಇಂಜಿನಿಯರ್

5 ಇಂಚಿಗೆ ಕಾರಣ ಇದೆ. ಒಳಗೋಡೆ 100 ಮಿ.ಮೀ, ಎರಡು ಕಡೆ ಪ್ಲಾಸ್ಟರ್ 12 ಮತ್ತು 12, ಒಟ್ಟು 124. 5 ಇಂಚು ಅಂದರೆ 127. ಹಾಗಾಗಿ ಚೌಕಟ್ಟು, ಪ್ಲಾಸ್ಟರ್ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ. ಆದರೆ ಮಿಲ್ಲಿನಲ್ಲಿ 5 ಇಂಚಿಗೆ ಸೀಳಿದ್ದು ಹತ್ತರಿ ಹಿಡಿದ ಮೇಲೆ 4¾ಕ್ಕೆ ಇಳಿಯುತ್ತದೆ. ಆಗ ಪ್ಲಾಸ್ಟರ್ ಮರಕ್ಕಿಂತ ಮುಂದೆ ಬರುತ್ತದೆ, ಸುತ್ತ ಪಟ್ಟಿ ಹೊಡೆಯಲೂ ಸರಿಯಾಗಲ್ಲ. "ನಯ ಮಾಡಿದ ಮೇಲೆ 5 ಇಂಚು ಉಳಿಯಬೇಕು" ಅಂತ ಮೊದಲೇ ಹೇಳಿ. ಹೊರಗೋಡೆ ಪ್ಲಾಸ್ಟರ್ ಸೇರಿ 185 ಮಿ.ಮೀ ಆಸುಪಾಸು ಬರುತ್ತದೆ. ಅಲ್ಲಿ ಚೌಕಟ್ಟನ್ನು ಒಳಗಿನ ಮಟ್ಟಕ್ಕೆ ಇಡಿ, ಹೊರಗೆ ಉಳಿದ ಜಾಗ ಮಳೆಗೆ ಒಳ್ಳೆಯದೇ.

ಚೌಕಟ್ಟು ನಿಲ್ಲಿಸುವಾಗ ಬ್ಲಾಕ್ ಮುಖಕ್ಕಿಂತ ಪ್ಲಾಸ್ಟರಿನಷ್ಟು, ಅಂದರೆ 12 ಮಿ.ಮೀ, ಮರ ಮುಂದೆ ಇರಬೇಕು. ಮೇಸ್ತ್ರಿಗಳು ಇದನ್ನು ಕಣ್ಣಳತೆಯಲ್ಲಿ ಬಿಡುತ್ತಾರೆ. 12 ಮಿ.ಮೀ ಪ್ಲೈವುಡ್ ತುಂಡು ಕೈಗೆ ಕೊಟ್ಟು, ಅದನ್ನು ಇಟ್ಟು ನೋಡಿ ಅನ್ನಿ.

ಬಚ್ಚಲಿಗೆ ಮಾತ್ರ ಮರವೇ ಬೇಡ. ಗ್ರಾನೈಟ್ ಅಥವಾ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ್ದು) ಚೌಕಟ್ಟು ಹಾಕಿ. ಹಲಸು ಎಷ್ಟೇ ಗಟ್ಟಿ ಇರಲಿ, ದಿನಾ ಬುಡ ನೆನೆದರೆ ಕೊಳೆಯುತ್ತದೆ.

ಸಾಗರದ_ಬಡಗಿ

ಮುಹೂರ್ತಕ್ಕೆ ಹೆದರಬೇಡಿ, ಇದು ಎಲ್ಲ ಮನೆಯಲ್ಲೂ ಇರುವುದೇ. ಮುಂಬಾಗಿಲಿಗೆ ಹೊಸ್ತಿಲು ಇರುತ್ತದಲ್ಲ, ನಾಲ್ಕೂ ಕಡೆ ಮುಚ್ಚಿದ ಚೌಕಟ್ಟು ಅದು. ಗೋಡೆ ಇಲ್ಲದಿದ್ದರೂ ತಾನೇ ನಿಲ್ಲುತ್ತದೆ. ಕೆಂಪು ಗೆರೆಯಿಂದ ಅಳೆದು, ಹೊಸ್ತಿಲ ಕೆಳಗೆ ಬೇಕಾದಷ್ಟು ಗಾರೆ ಹಾಸಿ ನಿಲ್ಲಿಸಿ. ಎರಡೂ ಕಡೆ ಸರ್ವೆ ಗಳ ಕೊಟ್ಟು ಬಿಗಿಯಾಗಿ ಆನಿಸಿ. ಪೂಜೆ ಆಗಲಿ. ಆಮೇಲೆ ಗೋಡೆ ಏರಿದ ಹಾಗೆ ಪಟ್ಟಿ ಒಂದೊಂದಾಗಿ ಕಾಂಕ್ರೀಟಿಗೆ ಹೋಗುತ್ತದೆ.

ಚೌಕಟ್ಟು ಅಂಗಡಿಯಿಂದ ಹೊರಡುವ ಮೊದಲೇ ಒಳಗೆ ಎರಡು ಅಡ್ಡ ರೀಪು, ಮೂಲೆಗೆ ಒಂದು ಓರೆ ರೀಪು ಹೊಡೆಸಿ. ಗೋಡೆ, ಲಿಂಟಲ್ ಮುಗಿಯುವವರೆಗೂ ಅದನ್ನು ಯಾರೂ ಕೀಳಬಾರದು. ಇಲ್ಲದಿದ್ದರೆ ಬ್ಲಾಕ್ ಒತ್ತಿ ನಡು ಒಳಗೆ ಬಾಗುತ್ತದೆ. ನಿಲ್ಲಿಸಿದ ಮೇಲೆ ಮೂಲೆಯಿಂದ ಮೂಲೆಗೆ ಎರಡು ಕಡೆಯಿಂದ ಅಳೆಯಿರಿ. 7 ಅಡಿ, 3½ ಅಡಿ ಚೌಕಟ್ಟಿಗೆ ಎರಡೂ 7 ಅಡಿ 10 ಇಂಚಿನ ಹತ್ತಿರ ಬರುತ್ತದೆ. ಎಷ್ಟು ಬಂದರೂ ಎರಡೂ ಒಂದೇ ಇರಬೇಕು, ಅದು ಮುಖ್ಯ. ತೂಕದ ಗುಂಡನ್ನು ಮುಂದಿನಿಂದ ಒಂದು ಸಲ, ಪಕ್ಕದಿಂದ ಒಂದು ಸಲ ಬಿಟ್ಟು ನೋಡಿ. ಪಕ್ಕದಿಂದ ನೋಡುವುದನ್ನು ಮರೆತ ಮನೆಯಲ್ಲೇ ಬಾಗಿಲು ತಾನಾಗಿ ತೆರೆದುಕೊಳ್ಳುವುದು.

ಗೋಡೆಗೆ ತಾಗುವ ಮುಖಕ್ಕೆಲ್ಲ ಬಿಟುಮೆನ್ (ಡಾಂಬರಿನ) ಬಣ್ಣ. ಕಾಣುವ ಮುಖಕ್ಕೆ ಪ್ಲಾಸ್ಟಿಕ್ ಸುತ್ತಿ, ಮೂಲೆಗಳಿಗೆ ಗೋಣಿ ಕಟ್ಟಿ.

ಧಾರವಾಡ_ಮಂದಿ

ಹೊಸ್ತಿಲ ಕೆಳಗೆ ನವಧಾನ್ಯ, ನವರತ್ನ ಹಾಕುವ ಪದ್ಧತಿ ನಿಮ್ಮಲ್ಲೂ ಐತೇನ್ರೀ?

ಹೊಸಮನೆ_ಹಾಸನ

ಇದೆ. ಅಮ್ಮ ಪಂಚಲೋಹದ ಪುಟ್ಟ ತುಂಡು ಕೂಡ ತಂದಿಟ್ಟಿದ್ದಾರೆ.

ಸೈಟ್_ಇಂಜಿನಿಯರ್

ಲೋಹ, ರತ್ನ ಕೆಳಗೆ ಹಾಕಿ ಗಾರೆ ಮುಚ್ಚಿ, ತೊಂದರೆ ಇಲ್ಲ. ಕಾಳನ್ನು ಮಾತ್ರ ಬಟ್ಟೆಯಲ್ಲಿ ಕಟ್ಟಿ ಚೌಕಟ್ಟಿನ ಮೇಲಿನ ಅಡ್ಡಪಟ್ಟಿಗೆ ಕಟ್ಟುವುದು ಒಳ್ಳೆಯದು. ಕೆಳಗೆ ಹಾಕಿದರೆ ಇರುವೆಗೆ ನೀವೇ ಆಮಂತ್ರಣ ಕೊಟ್ಟ ಹಾಗೆ, ಕಾಳು ಕೊಳೆತು ಹೊಸ್ತಿಲ ಕೆಳಗೆ ಪೊಳ್ಳು ಬೇರೆ ಆಗುತ್ತದೆ. ಪುರೋಹಿತರನ್ನು ಕೇಳಿ ನೋಡಿ, ಬಹಳಷ್ಟು ಜನ ಒಪ್ಪುತ್ತಾರೆ.

ಗೆದ್ದಲಿನ ಔಷಧಿ ಪ್ಲಿಂತ್ ಹಂತದಲ್ಲಿ ಹೊಡೆಸದಿದ್ದರೆ, ಹೊಸ್ತಿಲು ಇಡುವ ಮೊದಲು ಆ ಜಾಗಕ್ಕಾದರೂ ಹೊಡೆಸಿ. ಕೈಗವಸು ಹಾಕಿಕೊಂಡು, ಗೊತ್ತಿರುವವರಿಂದಲೇ.

ಹೊಸಮನೆ_ಹಾಸನ

ಹಾಗಾದರೆ ಹೀಗೆ ಮಾಡುತ್ತೇವೆ. ಮುಂಬಾಗಿಲು, ಹಿತ್ತಲ ಬಾಗಿಲು, ಕಿಟಕಿಗಳು ಗೋಡೆ ಜೊತೆಗೇ. ಒಳಕೋಣೆಯ ಮೂರು ಬಾಗಿಲಿಗೆ ಕಾಂಕ್ರೀಟ್ ತುಂಡು ಕಟ್ಟಿಸಿ ಜಾಗ ಬಿಡುತ್ತೇವೆ. ಅಷ್ಟರಲ್ಲಿ ಹಲಸಿನ ತೊಲೆ ಇನ್ನಷ್ಟು ಒಣಗಲಿ. ಕಿಟಕಿಗೆ ಬೇಕಾದ ತೊಲೆಗಳನ್ನು ಮೊದಲು ಗೂಡಿಗೆ ಕಳಿಸುತ್ತೇವೆ. ಮುಂಬಾಗಿಲಿಗೆ ಒಬ್ಬರು ಹೊನ್ನೆ ತಗೊಳ್ಳಿ, ತೇಗಕ್ಕಿಂತ ಕಡಿಮೆ ಬೆಲೆ ಅಂದರು. 7½ ಅಡಿ ಎತ್ತರ, 4 ಅಡಿ ಅಗಲ, 6×4 ಇಂಚಿನ ಚೌಕಟ್ಟು. ಎಷ್ಟು ಮರ ಬೇಕಾಗಬಹುದು?

ಸಾಗರದ_ಬಡಗಿ

ಎರಡು ಕಾಲು 15 ಅಡಿ, ಮೇಲೆ ಕೆಳಗೆ ಸೇರಿ 8 ಅಡಿ, ಒಟ್ಟು 23 ಅಡಿ. 6×4 ಅಂದರೆ 24, ಅದನ್ನು 144ರಿಂದ ಭಾಗಿಸಿ 23ರಿಂದ ಗುಣಿಸಿದರೆ 3.83 ಘನ ಅಡಿ. ಸವಕಲು, ಜೋಡಣೆ ಸೇರಿ ನಾಲ್ಕೂಕಾಲು ಹಿಡಿದುಕೊಳ್ಳಿ. ಇದು ಚೌಕಟ್ಟಿಗೆ ಮಾತ್ರ, ಹಲಗೆ ಲೆಕ್ಕ ಬೇರೆ. ಅಂಗಡಿಯಲ್ಲಿ ಸುತ್ತಳತೆ ಹೇಳಿ ಗಲಿಬಿಲಿ ಮಾಡಿದರೆ ಈ ಲೆಕ್ಕ ಮುಂದಿಡಿ.

ಹೊನ್ನೆ ಒಳ್ಳೆಯ ಮರವೇ, ಗೆದ್ದಲಿಗೂ ಜಗ್ಗಲ್ಲ. ಆದರೆ ನೀರು ತಾಗಿದರೆ ಬಣ್ಣ ಬಿಡುತ್ತದೆ. ಸಕ್ಕರೆ ಕಾಯಿಲೆಯವರು ಹೊನ್ನೆ ಲೋಟದಲ್ಲಿ ನೀರಿಟ್ಟು ಕುಡಿಯುತ್ತಾರಲ್ಲ, ಆ ನೀರು ಕೆಂಚಗಾಗುವುದು ನೋಡಿರುತ್ತೀರಿ. ಗೋಡೆಗೆ ನೀರು ಹಾಕುವಾಗ ಅದೇ ಬಣ್ಣ ಇಳಿದು ಪ್ಲಾಸ್ಟರ್ ಮೇಲೆ ಕಲೆ ಕೂರುತ್ತದೆ. ಗೋಡೆ ಜೊತೆಗೇ ಕೂರಿಸುವ ಚೌಕಟ್ಟಿಗೆ ನಾನಾದರೆ ಹೊನ್ನೆ ಆರಿಸಲ್ಲ. ಆರಿಸಿದರೆ ಮೊದಲೇ ಎರಡು ಕೋಟ್ ಸೀಲರ್ ಕೊಟ್ಟು ಕಳಿಸುತ್ತೇನೆ.

ಮೈಸೂರು_ಎರಡನೇಮಹಡಿ

ತೇಗಕ್ಕೂ ಮೊದಲೇ ಪ್ರೈಮರ್ ಕೊಡಬೇಕಾ? ನಮ್ಮ ಬಡಗಿ ಗುಲಾಬಿ ಬಣ್ಣದ್ದು ಬಳಿದುಬಿಟ್ಟಿದ್ದರು. ಆಮೇಲೆ ಪಾಲಿಶ್ ಮಾಡಲು ಕೆರೆದು ಕೆರೆದು ಸಾಕಾಯ್ತು.

ಸಾಗರದ_ಬಡಗಿ

ಪೇಂಟ್ ಮಾಡುವ ಮರಕ್ಕೆ ಮಾತ್ರ ಪ್ರೈಮರ್ ಅಕ್ಕ. ಪಾಲಿಶ್ ಮಾಡುವ ತೇಗಕ್ಕೆ ಬಣ್ಣವಿಲ್ಲದ ಸೀಲರ್ ಒಂದು ಕೋಟ್ ಸಾಕು. ಸಿಮೆಂಟ್ ಹಾಲು ಬರಿ ತೇಗದ ಮೇಲೆ ಬಿದ್ದು ಒಣಗಿದರೆ ಕಪ್ಪು ಕಲೆ ಉಳಿಯುತ್ತದೆ, ಬಿದ್ದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಹಾಸನದವರೇ, ತೇಗ ತರುವಾಗ ಅಂಗಡಿ ಬಿಲ್ಲು, ಅರಣ್ಯ ಇಲಾಖೆ ಪಾಸು ಕೇಳಿ ತಗೊಳ್ಳಿ. ಹಾಗೇ ಓರೆ ರೀಪನ್ನು ಚೌಕಟ್ಟಿನ ಕಾಣುವ ಮುಖಕ್ಕೆ ಹೊಡೆಯಲು ಬಿಡಬೇಡಿ. ಮೊಳೆ ತೂತು ಹಲಗೆಯಡಿ ಮುಚ್ಚಿಹೋಗುವ ಹಾಗೆ ಕಚ್ಚಿನ ಒಳಗೇ ಹೊಡೆಸಿ.